ಎಳ್ಳಮಾಸಿಯ ದಿನ ಕೆಳಗಿಳಿದ ಚುಕ್ಕೆ

ನನ್ನ ಮೊಮ್ಮಗಳು ಕಿಲಿಮಂಜಾರೋ ಹತ್ತಿ ಇಳಿದಳು. ಆಫ್ರಿಕಾದಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲವಂತೆ. ಅದರ ತುದಿಯ ಮೇಲೆ ನಿಂತು ನಮ್ಮ ಮನೆಯ ಸಜ್ಜಿ ರೊಟ್ಟಿ ಮುರಿದಳು, ಕೈಕಾಲಿನ ಬೆರಳೆಲ್ಲ ನೆಟ್ಟಗಿಟ್ಟುಕೊಂಡು ಕೆಳಗೆ ಬಂದಳು. ನಮ್ಮ ಊರು ಹೂಲಿಯಲ್ಲಿ ಈ ಮಾತನ್ನು ನಾನು ಹೇಳದೆ ಬಿಟ್ಟ ಮನೆಯಿಲ್ಲ. ಸವದತ್ತಿ ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೆ ಹೇಳಿದೆ. ಬೈಲಹೊಂಗಲದ ಬಸ್ಸಿನಲ್ಲಿ ಪಕ್ಕಕ್ಕೆ ಕೂತವಳಿಗೆ ಹೇಳಿದೆ, ಅವಳು ಇಳಿಯುವ ಊರು ಬಂದರೂ ಸೆರಗು ಹಿಡಿದು ಕೂರಿಸಿ ಹೇಳಿದೆ. ಇನ್ನು ಹೇಳಲು ಯಾರೂ ಉಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆ. ಒತ್ತಕ್ಷರ ಬಂದರೆ ಕೈ ತಡೆಯುತ್ತದೆ. ಸೊಸೆ ತಿದ್ದಿ ಕೊಡುತ್ತೇನೆ ಅಂದಿದ್ದಾಳೆ.

ಈಗ ಹೀಗೆ ಕುಣಿಯುತ್ತಿದ್ದೇನೆ. ಆದರೆ ಎಳ್ಳಮಾಸಿಯ ಮುಂಜಾನೆಯಿಂದ ನಡುಮಧ್ಯಾಹ್ನದವರೆಗೆ ನಮ್ಮ ಮನೆಯಲ್ಲಿ ಪ್ರತಿಯೊಬ್ಬರೂ, ಅವಳು ಇನ್ನಿಲ್ಲ ಎಂದು ಒಳಗೊಳಗೇ ಅಂದುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಅಡ್ಡಾಡುತ್ತಿದ್ದೆವು. ಆ ಅರ್ಧ ದಿನದ ಸಂಕಟ ಹೇಳದಿದ್ದರೆ ಈ ಸಂತೋಷ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ.

ಮೊಮ್ಮಗಳಿಗೆ ಬೆಟ್ಟದ ಹುಚ್ಚು ಹಿಡಿದದ್ದು ನನ್ನ ತವರಿನಲ್ಲಿ. ತೊರಗಲ್ ನನ್ನ ತವರು. ಸಣ್ಣವಳಿದ್ದಾಗ ಅವಳನ್ನು ಕರೆದುಕೊಂಡು ಹೋಗುತ್ತಿದ್ದೆ. ನಾನು ಅತ್ತಿಗೆಯ ಕೂಡ ಮಾತಿಗೆ ಕೂತು ಎದ್ದು ನೋಡುವುದರೊಳಗೆ ಇವಳು ಕೋಟೆ ಗುಡ್ಡದ ಅರ್ಧಕ್ಕೆ ಏರಿರುತ್ತಿದ್ದಳು. ನನ್ನ ಅಣ್ಣ ಅವಳಿಗೆ ಮಂಗ್ಯಾ ಎಂದೇ ಹೆಸರಿಟ್ಟಿದ್ದ. ದೊಡ್ಡವಳಾದ ಮೇಲೆ ಅದನ್ನೇ ಕಲಿತು ಬಂದಳು. ಈಗ ಕಿತ್ತೂರು, ಬೈಲಹೊಂಗಲದ ಶಾಲೆ ಮಕ್ಕಳ ನಡುವಿಗೆ ಹಗ್ಗ ಕಟ್ಟಿ ಬಂಡೆ ಹತ್ತುವುದನ್ನು ಕಲಿಸುತ್ತಾಳೆ. ಅದೇ ಅವಳ ನೌಕರಿ.

ಕಿಲಿಮಂಜಾರೋಕ್ಕೆ ಹೋಗುವ ಗುಂಪು ಸೇರಿದ್ದೇನೆ ಎಂದಾಗ ಅವಳ ತಾಯಿ ಅತ್ತಳು, ನನ್ನ ಮಗ ಸುಮ್ಮನೆ ಹೊರಗೆ ಹೋದ. ಕಿತ್ತೂರಿಗೆ ಕೊಟ್ಟ ನನ್ನ ಮಗಳು ಫೋನಿನಲ್ಲೇ ಅಂದಳು, ಗುಡ್ಡ ಏರುವ ಹುಡುಗಿಗೆ ಗಂಡು ಹುಡುಕಬೇಕಾದರೆ ನಾವು ಮರ ಏರಬೇಕಾಗುತ್ತದೆ ಎಂದು. ಮೊಮ್ಮಗಳು ನಕ್ಕು, ಅತ್ತಿ, ನೀ ಮರ ಏರು, ಹಗ್ಗ ನಾ ಹಿಡೀತೇನಿ ಎಂದಳು. ಆ ನಗುವಿನಲ್ಲಿ ಎಲ್ಲರೂ ಸೋತೆವು.

ಹೊರಡುವ ದಿನ ನಾನು ಅವಳ ಉಡಿ ತುಂಬಿದೆ. ಮನೆಯ ಹೆಣ್ಣುಮಗಳು ಹೊಸ್ತಿಲು ದಾಟುವಾಗ ಬರಿ ಉಡಿಯಲ್ಲಿ ಹೋಗಬಾರದು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿನದ ಬೇರು ಹಾಕಿ, ಕೆಂಪು ಅಂಚಿನ ಖಣದ ಬಟ್ಟೆಯಲ್ಲಿ ಗಂಟು ಕಟ್ಟಿ ಕೈಗೆ ಕೊಟ್ಟೆ. ಇದನ್ನು ಮೈಮೇಲಿಂದ ಇಳಿಸಬೇಡ, ಬರಿ ಉಡಿಯಲ್ಲಿ ನೀನೂ ಹೋಗಬೇಡ, ಯಾವ ಹೆಣ್ಣುಮಗಳನ್ನೂ ಕಳಿಸಬೇಡ ಎಂದೆ. ನಮ್ಮಲ್ಲಿ ಹಾಗೆ ಹೇಳುವುದೇ ರೂಢಿ. ನನ್ನವ್ವ ನನಗೆ ಹೇಳಿದ್ದಳು, ನಾನು ಅವಳಿಗೆ ಹೇಳಿದೆ. ಅದು ಎಲ್ಲಿಗೆ ಹೋಗಿ ಮುಟ್ಟೀತೆಂದು ಯಾರಿಗೆ ಗೊತ್ತಿತ್ತು?

ಅವಳ ಬಳಿ ಮುಷ್ಟಿಯಲ್ಲಿ ಅಡಗುವಷ್ಟು ಸಣ್ಣ ಯಂತ್ರವೊಂದಿತ್ತು. ಬೆಟ್ಟದ ಮೇಲೆ ಫೋನು ಹತ್ತಲಿ ಬಿಡಲಿ, ಅದು ಆಕಾಶದ ಕಡೆಗೆ ಸುದ್ದಿ ಕಳಿಸುತ್ತದೆ. ಅವಳು ಎಲ್ಲಿದ್ದಾಳೆಂದು ನನ್ನ ಸೊಸೆಯ ಮೊಬೈಲಿನ ನಕಾಶೆಯಲ್ಲಿ ಒಂದು ಕೆಂಪು ಚುಕ್ಕೆ ತೋರಿಸುತ್ತದೆ. ಚುಕ್ಕೆ ಕಂಡರೆ ನಾ ಅದೇನಿ ಅಂತ ತಿಳೀರಿ ಎಂದು ಹೇಳಿಕೊಟ್ಟಳು. ಇನ್ನೊಂದು ಮಾತನ್ನೂ ಹೇಳಿದಳು. ಅವರು ತುದಿ ಮುಟ್ಟುವ ದಿನ ಎಳ್ಳಮಾಸಿಗೇ ಬರುತ್ತಿತ್ತು.

"ಆಯಿ, ನೀವು ಹೊಲದಾಗ ಚರಗ ಚೆಲ್ರಿ. ನಾ ಗುಡ್ಡದ ಮ್ಯಾಲ ಚೆಲ್ಲತೇನಿ" ಎಂದಳು.

ಎಳ್ಳಮಾಸಿಗೆ ಚರಗ ಚೆಲ್ಲದ ಒಕ್ಕಲುಮನೆ ನಮ್ಮ ಕಡೆ ಇಲ್ಲ. ಬೆಳೆ ಹೊಟ್ಟೆಗೆ ಬಂದಿರುತ್ತದೆ. ಬಸುರಿಗೆ ಬಯಕೆ ಊಟ ಹಾಕಿದ ಹಾಗೆ, ಮಾಡಿದ್ದೆಲ್ಲದರಲ್ಲಿ ಒಂದಿಷ್ಟು ಕಲಸಿ ಹೊಲದ ತುಂಬ ಚೆಲ್ಲಿ ಭೂಮಿತಾಯಿಗೆ ಉಣ್ಣಿಸಿ, ಆಮೇಲೆ ನಾವು ಉಣ್ಣುವುದು. ಮೊಮ್ಮಗಳು ಅದಕ್ಕಾಗಿ ಎಳ್ಳು ಹಚ್ಚಿ ಒಣಗಿಸಿದ ಕಟಕ ಸಜ್ಜಿ ರೊಟ್ಟಿ ಕಟ್ಟಿಸಿಕೊಂಡು ಹೋದಳು.

ಚುಕ್ಕೆ ದಿನಾ ಮೇಲೇರುತ್ತಿತ್ತು. ನನಗೆ ನಕಾಶೆ ತಿಳಿಯುವುದಿಲ್ಲ. ಸೊಸೆ ಬೆರಳಿಟ್ಟು, ಇಲ್ಲಿತನಕ ಅಡವಿ ಐತ್ರಿ ಅತ್ತಿ, ಇಲ್ಲಿಂದ ಬರೇ ಕಲ್ಲು ಎಂದು ತೋರಿಸುತ್ತಿದ್ದಳು. ಹಬ್ಬದ ಹಿಂದಿನ ಸಂಜೆ ಚುಕ್ಕೆ ಕಟ್ಟಕಡೆಯ ಬಿಡಾರಕ್ಕೆ ಹೋಗಿ ನಿಂತಿತು. ನಡುರಾತ್ರಿ ಎದ್ದು ಕತ್ತಲಲ್ಲೇ ಹತ್ತಿ, ಹೊತ್ತು ಹುಟ್ಟುವುದಕ್ಕೆ ತುದಿಯಲ್ಲಿ ಇರಬೇಕಂತೆ. ಅಮಾಸಿಯ ಕತ್ತಲು. ನಮ್ಮ ಅಂಗಳದಲ್ಲೇ ಕೈಗೆ ಕೈ ಕಾಣುವುದಿಲ್ಲ. ಕಿತ್ತೂರಿನಿಂದ ಮಗಳು ಹಬ್ಬಕ್ಕೆ ಬಂದಿದ್ದಳು. ಅವಳ ಕೂಡ ಮಾತಾಡುತ್ತ ನನಗೆ ಹೇಗೋ ನಿದ್ದೆ ಹತ್ತಿತು.

ಮುಂಜಾನೆ ಒಲೆ ಹೂಡಿ ಸೊಸೆ ಸಜ್ಜಿ ರೊಟ್ಟಿ ಬಡಿಯುತ್ತಿದ್ದಳು. ನಾನು ಬದನೆಕಾಯಿಗೆ ಎಣ್ಣೆಗಾಯಿ ಮಸಾಲೆ ತುಂಬುತ್ತಿದ್ದೆ. ಅವಳ ಮೊಬೈಲು ಹಿಟ್ಟಿನ ಡಬ್ಬಿಗೆ ಆತು ನಿಂತಿತ್ತು. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಾನು ತಲೆ ಎತ್ತಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕಮರಿದ ವಾಸನೆ ಬಂದಾಗ ನೋಡಿದೆ. ಹಿಟ್ಟಿನ ಕೈ ಹಾಗೇ ಎತ್ತಿ ಹಿಡಿದು ಕೂತಿದ್ದಳು.

"ಅತ್ತಿ, ಚುಕ್ಕಿ ಕೆಳಗ ಐತಿ" ಎಂದಳು.

ಮಗನನ್ನು ಕರೆದೆವು. ಅವನು ನಕಾಶೆ ಹಿಗ್ಗಿಸಿ ನೋಡಿದ, ಮತ್ತೆ ನೋಡಿದ. ಚುಕ್ಕೆ ರಾತ್ರಿಯಲ್ಲಿ ಬೇರೊಂದು ದಾರಿ ಹಿಡಿದು ಸರ್ರನೆ ಇಳಿದು, ಅಡವಿ ಶುರುವಾಗುವ ಜಾಗದಲ್ಲಿ ನಿಂತುಬಿಟ್ಟಿತ್ತು. ಅಲುಗಾಡುತ್ತಿರಲಿಲ್ಲ. ನನ್ನ ಮಗಳು ಸಮಾಧಾನಕ್ಕೆ, ತುದಿ ಮುಟ್ಟಿ ಇಳಿದಿರಬೇಕು ಎಂದಳು. ಮಗ ಅವಳ ಕಡೆ ನೋಡದೆ, ಅಲ್ಲಿ ಇನ್ನೂ ನಸುಕೇ ಹರಿದಿಲ್ಲ, ಮುಟ್ಟುವುದು ಯಾವಾಗ, ಇಳಿಯುವುದು ಯಾವಾಗ ಎಂದ.

ಗುಂಪು ಕರೆದುಕೊಂಡು ಹೋದವರ ಕಚೇರಿಗೆ ಫೋನು ಹಚ್ಚಿದ. ಆ ಕಡೆಯವರ ಇಂಗ್ಲಿಷು ಇವನಿಗೆ ಅರ್ಧ, ಇವನದು ಅವರಿಗೆ ಅರ್ಧ. ಕಟ್ಟೆಯ ಮೇಲೆ ನಿಂತು ಮಾತಾಡಿದ, ನಾವು ಬಾಗಿಲಲ್ಲಿ ನಿಂತು ಅವನ ಬೆನ್ನು ನೋಡಿದೆವು. ಮಾತು ಮುಗಿದ ಮೇಲೂ ಅವನು ತಿರುಗಲಿಲ್ಲ. ನನ್ನ ಮನೆಯವರು, ಅವನ ಅಪ್ಪ, ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟ ಮೇಲೆ ಹೇಳಿದ.

"ಗುಂಪಿನಾಗಿನ ಒಬ್ಬ ಹೆಣ್ಣುಮಗಳಿಗೆ ಭಾಳ ಆರಾಮ ತಪ್ಪಿ ರಾತ್ರಿ ಕೆಳಗ ಹೊತ್ತು ತಂದಾರಂತ, ಅಪ್ಪಾ. ಹೆಸರು ಅವರಿಗೂ ಗೊತ್ತಿಲ್ಲಂತ."

ಹೊತ್ತು ತಂದಾರ ಎಂಬ ಮಾತು ಕೇಳಿ ಸೊಸೆ ಬಾಗಿಲು ಬಿಟ್ಟು ಒಳಕೋಣೆಗೆ ಹೋದಳು. ನಮ್ಮ ಊರುಗಳಲ್ಲಿ ಹೊತ್ತು ತಂದರು ಎಂಬ ಮಾತನ್ನು ಯಾವಾಗ ಆಡುತ್ತಾರೆ ಎಂದು ಎಲ್ಲರಿಗೂ ಗೊತ್ತು. ಮೊಮ್ಮಗಳ ಫೋನಿಗೆ ಹಚ್ಚಿದರೆ ಬಂದ್ ಇತ್ತು. ಮಾರ್ಗದರ್ಶಿಯ ಫೋನು ಹತ್ತಲಿಲ್ಲ. ಕಚೇರಿಯವರು ಸುದ್ದಿ ಬಂದಕೂಡಲೇ ತಿಳಿಸುತ್ತೇವೆ ಎಂದಿದ್ದರಷ್ಟೆ.

ನಾನು ಅಡುಗೆಮನೆಗೆ ಹೋಗಿ ಕಮರಿದ ರೊಟ್ಟಿ ತೆಗೆದು ಹಸುವಿನ ಬುಟ್ಟಿಗೆ ಹಾಕಿ, ಸೊಸೆ ಬಿಟ್ಟ ಹಿಟ್ಟು ನಾದಿದೆ. ಮಾಡುವುದಕ್ಕೆ ಕೈಗೆ ಬೇರೆ ಏನಿತ್ತು? ಹೊತ್ತು ಏರಿತು. ಪಕ್ಕದ ಮನೆಯವರ ಟ್ರ್ಯಾಕ್ಟರು ಹೆಂಗಸರು ಮಕ್ಕಳನ್ನು ತುಂಬಿಕೊಂಡು ಹೊಲಕ್ಕೆ ಹೋಯಿತು. ನಾವು ಮಾತ್ರ ಬುತ್ತಿ ಕಟ್ಟಿಟ್ಟುಕೊಂಡು ಕೂತಿದ್ದೆವು. ಕೊನೆಗೆ ಮಗಳು ನನ್ನ ಪಕ್ಕ ಬಂದು ಕೂತಳು.

"ಯವ್ವಾ, ಸುದ್ದಿ ತಿಳಿಯೂತನಾ ಹೊಲಕ್ಕ ಬ್ಯಾಡ. ಸೂತಕದಾಗ ಚರಗ ಚೆಲ್ಲಬಾರದು" ಅಂದವಳು, ತನ್ನ ಮಾತು ತನಗೇ ಕೇಳಿಸಿದಂತಾಗಿ ಸೆರಗನ್ನು ಬಾಯಿಗೆ ಹಿಡಿದಳು.

ಆ ಶಬ್ದ ಬಂದೇಬಿಟ್ಟಿತು. ಎಲ್ಲರ ಮನಸ್ಸಿನಲ್ಲಿ ಇದ್ದದ್ದೇ. ಸೊಸೆ ಒಳಗಿನಿಂದ ಕೇಳಿದಳೋ ಇಲ್ಲವೋ ಗೊತ್ತಿಲ್ಲ. ಮಗ ಕೇಳಿದ. ತಲೆ ಎತ್ತದೆ ಅವನೂ ಅಂದ, "ಹೌದವ್ವಾ. ಈ ವರ್ಷ ಬಿಟ್ಟಬಿಡೂನು."

"ಸೂತಕ ಯಾರ ಮನ್ಯಾಗ ಐತಿ?" ಎಂದೆ. "ಚರಗ ನಿಲ್ಲಿಸಿದ್ರ ಆ ಮಾತಿಗಿ ಹೂಂ ಅಂದಂಗ. ಅಕಿ ಅಲ್ಲಿ ಚೆಲ್ಲತೇನಿ ಅಂದ ಹೋಗ್ಯಾಳ. ನಾ ಹೂಂ ಅನ್ನೂದಿಲ್ಲ. ಟ್ರ್ಯಾಕ್ಟರ್ ತಗಿ, ತಮ್ಮಾ."

ಹೇಳಿದ ನಾನೇ ಮೊದಲು ಎದ್ದು ಬುತ್ತಿ ಎತ್ತಿಕೊಂಡೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಡಬ್ಬಿ ಏರಲು ನನ್ನ ಮನೆಯವರು ರಟ್ಟೆ ಹಿಡಿದರು. ಅವರ ಕೈ ನನ್ನ ಕೈಗಿಂತ ತಣ್ಣಗಿತ್ತು.

ದಾರಿಯಲ್ಲಿ ಊರವರೆಲ್ಲ ಎದುರಾದರು. ಅವತ್ತು ಮೊಮ್ಮಗಳು ತುದಿ ಮುಟ್ಟುತ್ತಾಳೆಂದು ನಾನೇ ಎಲ್ಲರಿಗೂ ಸಾರಿ ಇಟ್ಟಿದ್ದೆನಲ್ಲ. ಗುಡಿಯ ಹತ್ತಿರ ಒಬ್ಬ ಮುದುಕ, ನಮ್ಮ ಹೂಲಿ ಗುಡ್ಡ ಸಣ್ಣದಾತೇನ್ರಿ ನಿಮ್ಮ ಹುಡುಗಿಗೆ ಎಂದು ನಗೆಯಾಡಿದ. ಮತ್ತೊಬ್ಬಳು, ಏರಿದಳೇನ್ರಿ ಎಂದು ಕೂಗಿ ಕೇಳಿದಳು. ನನ್ನ ಮನೆಯವರು ಕೈ ಎತ್ತಿ, ಏರಾಕ್ಹತ್ತಾಳ ಎಂದರು. ಅಷ್ಟು ಹೇಳುವುದಕ್ಕೆ ಅವರು ಎಷ್ಟು ಉಸಿರು ಕೂಡಿಸಿದರೆಂದು ಪಕ್ಕದಲ್ಲಿ ಕೂತ ನನಗೆ ಗೊತ್ತು.

ನಮ್ಮದು ಎರೆ ಮಣ್ಣಿನ ಹೊಲ. ಜೋಳ ತಲೆಯ ಮೇಲೆ ಬೆಳೆದು ತೆನೆ ಬಿಟ್ಟಿತ್ತು. ಅಂಚಿಗೆ ಕಡಲೆ, ಎಲೆಗೆ ಹುಳಿ ಏರಿ ಕಾಲಿಗೆ ತಾಕಿದರೆ ತುರಿಸುವಂತಿತ್ತು. ಬನ್ನಿ ಗಿಡದ ಬುಡದಲ್ಲಿ ಪಾಂಡವರೆಂದು ಇಟ್ಟ ಐದು ಕಲ್ಲು ತೊಳೆದು, ಸುಣ್ಣ ಬಳಿದು, ಎಡೆ ಹಿಡಿದೆವು. ಸೊಸೆ ಪೂಜೆಗೆ ಬರಲಿಲ್ಲ. ನೆಟ್‌ವರ್ಕ್ ಸಿಗಲೆಂದು ಡಬ್ಬಿಯ ಮೇಲೆ ಮೊಬೈಲು ಎತ್ತಿ ಹಿಡಿದು ನಿಂತಿದ್ದಳು. ನಾನು ಕಣ್ಣಲ್ಲೇ ಕೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಚುಕ್ಕೆ ಅಲ್ಲೇ ಇತ್ತು.

ರೊಟ್ಟಿ, ಕಡುಬು, ಪುಂಡಿಪಲ್ಯ, ಹೋಳಿಗೆ ಎಲ್ಲ ಕಲಸಿ ಬುಟ್ಟಿ ತುಂಬಿಕೊಟ್ಟೆ. ಚರಗಕ್ಕೆ ಇಬ್ಬರು ಬೇಕು. ಮುಂದಿನವನು ಚೆಲ್ಲುತ್ತ ಹುಲ್ಲುಲ್ಲಿಗೋ ಎಂದು ಕೂಗುತ್ತಾನೆ, ಹಿಂದಿನವನು ನೀರು ಚಿಮುಕಿಸುತ್ತ ಸಲಾಂಬ್ರಿಗೋ ಎಂದು ಓಗೊಡುತ್ತಾನೆ. ಓಗೊಡುವವನಿಲ್ಲದೆ ಚರಗ ಸಾಗುವುದಿಲ್ಲ. ನನ್ನ ಮನೆಯವರು ಬುಟ್ಟಿ ಹಿಡಿದು ಮುಂದೆ ನಿಂತರು. ಮಗ ತಂಬಿಗೆ ಹಿಡಿದು ಹಿಂದೆ ನಿಂತ.

"ಹುಲ್ಲುಲ್ಲಿಗೋ" ಎಂದರು.

ಹಿಂದಿನಿಂದ ದನಿ ಬರಲಿಲ್ಲ. ಅವರು ತಿರುಗಿ ನೋಡಲಿಲ್ಲ. ಮತ್ತೊಮ್ಮೆ ಕೂಗಿದರು. ಮಗನ ಕೈಯ ತಂಬಿಗೆ ವಾಲಿ ನೀರು ಅವನ ಕಾಲ ಮೇಲೇ ಚೆಲ್ಲುತ್ತಿತ್ತು. ಆ ಕೂಗು ಹೊಟ್ಟೆ ತುಂಬ ಸಂತೋಷವಿದ್ದವರು ಕೂಗುವ ಕೂಗು. ಸುತ್ತಲಿನ ಹೊಲಗಳಿಂದ ಬೇರೆಯವರ ಓಗೊಡುವಿಕೆ ಕೇಳುತ್ತಲೇ ಇತ್ತು. ನಮ್ಮ ಹೊಲವೊಂದೇ ಸುಮ್ಮನಿತ್ತು. ನನ್ನ ಮನೆಯವರು ಹೆಜ್ಜೆ ಮುಂದಿಡದೆ, ಕೈಯಲ್ಲಿ ಚರಗ ಹಿಡಿದುಕೊಂಡೇ ಕಾದರು.

"ತಮ್ಮಾ, ಅಪ್ಪಗ ಓ ಅನ್ನು" ಎಂದೆ.

ಅವನು ನನ್ನನ್ನು ನೋಡಿದ. ಸಣ್ಣವನಿದ್ದಾಗ ಹುಣಸೆ ಗಿಡದಿಂದ ಬಿದ್ದು ಬಂದು ನನ್ನನ್ನು ಹಾಗೆ ನೋಡಿದ್ದ. ಮೂರನೆಯ ಸಲ ಅಪ್ಪ ಕೂಗಿದಾಗ ಸಲಾಂಬ್ರಿಗೋ ಎಂದ. ದನಿ ನಡುವೆ ಮುರಿಯಿತು. ಅದರ ಮುಂದಿನದು ತುಸು ಗಟ್ಟಿಯಾಗಿ ಬಂತು. ಇಬ್ಬರೂ ಜೋಳದೊಳಗೆ ಸರಿದು ಮರೆಯಾದರು, ಕೂಗು ಮಾತ್ರ ಕೇಳುತ್ತಿತ್ತು.

ಆಗ ಸೊಸೆಯ ಮೊಬೈಲು ರಿಂಗಾಯಿತು.

ಎಂದೂ ಕಾಣದ ನಂಬರು. ಅವಳಿಗೆ ಒತ್ತಲು ಧೈರ್ಯವಾಗಲಿಲ್ಲ. ಆ ಕಡೆ ಯಾರು, ಏನು ಹೇಳುತ್ತಾರೋ. ನನ್ನ ಮಗಳು ಡಬ್ಬಿ ಏರಿ ಹೋಗಿ ಅವಳ ಕೈ ಹಿಡಿದು ಒತ್ತಿ, ಸ್ಪೀಕರಿಗೆ ಹಾಕಿದಳು. ಮೊದಲು ಬರೀ ಗಾಳಿ, ಮೊರದಲ್ಲಿ ಕಾಳು ಕೇರಿದ ಹಾಗೆ ಸುಂಯ್ ಎನ್ನುವ ಗಾಳಿ.

"ಅವ್ವಾ, ಆಯಿ ಅದಾಳೇನು? ನಾ ತುದಿ ಮುಟ್ಟಿ ಬಂದ್ನಿ. ಚರಗ ಚೆಲ್ಲಿದ್ರೇನು?"

ನಾನು ಹೊಲದ ಮಣ್ಣಿನ ಮೇಲೆ ಹಾಗೇ ಕೂತುಬಿಟ್ಟೆ. ಸೊಸೆ ಅಳಲಿಲ್ಲ, ನಗಲಿಲ್ಲ. ಪೊಲೀಸರು ಕೇಳಿದ ಹಾಗೆ ಕೇಳಿದಳು.

"ನೀ ಈಗ ಎಲ್ಲಿ ಅದಿ?"

"ಮ್ಯಾಲಿನ ಬಿಡಾರದಾಗ. ಈಗ ಇಳದೇನಿ."

"ಸುಳ್ಳ ಹೇಳಬ್ಯಾಡ. ನಿನ್ನ ಚುಕ್ಕಿ ಕೆಳಗ ಐತಿ."

ಆ ಕಡೆ ಜಾಕೀಟು ತಡಕಾಡಿದ ಸಪ್ಪಳ ಕೇಳಿಸಿತು. ಆಮೇಲೆ ಮೆಲ್ಲಗೆ, "ಅಯ್ಯ ಶಿವನ, ಉಡಿಗಂಟು" ಎಂದಳು.

ತನ್ನ ಫೋನು ಚಳಿಗೆ ಬಂದ್ ಬಿದ್ದಿದೆಯೆಂದು ಗುಂಪಿನವರೊಬ್ಬರ ಫೋನಿನಿಂದ ಮಾತಾಡುತ್ತಿದ್ದಳು. ನಡೆದದ್ದು ಇಷ್ಟು. ಅವರ ಗುಂಪಿಗೆ ಅಡುಗೆ ಮಾಡಲು ಆ ಬೆಟ್ಟದ ಕೆಳಗಿನ ಊರಿನವಳೇ ಒಬ್ಬ ಹೆಣ್ಣುಮಗಳಿದ್ದಳು. ಮೊಮ್ಮಗಳಿಗೂ ಅವಳಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಒಲೆಯ ಮುಂದೆ ಕೂತು ಗೆಳೆತನವಾಗಿತ್ತು. ಹಿಂದಿನ ರಾತ್ರಿ ಮೇಲಿನ ಬಿಡಾರದಲ್ಲಿ ಅವಳಿಗೆ ತಲೆಶೂಲೆ, ವಾಂತಿ. ನಿಲ್ಲಲು ಆಗದಂತಾಯಿತು. ಆ ಎತ್ತರದಲ್ಲಿ ಹಾಗಾದರೆ ತಡಮಾಡದೆ ಕೆಳಗಿಳಿಸಬೇಕಂತೆ. ನಾಲ್ವರು ಅವಳನ್ನು ಎತ್ತಿಕೊಂಡು ಹೊರಟರು. ಮೊಮ್ಮಗಳಿಗೆ ನನ್ನ ಮಾತು ನೆನಪಾಯಿತು. ಯಾವ ಹೆಣ್ಣುಮಗಳನ್ನೂ ಬರಿ ಉಡಿಯಲ್ಲಿ ಕಳಿಸಬೇಡ. ತನ್ನ ಜಾಕೀಟಿನೊಳಗಿಂದ ಗಂಟು ತೆಗೆದು ಅವಳ ಉಡಿಗೆ ಹಾಕಿ, ಅದರ ಮೇಲೆ ಅವಳ ಕೈ ಮುಚ್ಚಿ ಕಳಿಸಿದಳು. ಆ ಯಂತ್ರ ಚಳಿಗೆ ಕೆಡಬಾರದು, ಮೈಗೆ ಹತ್ತಿ ಬೆಚ್ಚಗಿರಲಿ ಎಂದು ಅದೇ ಖಣದೊಳಗೆ ಅಕ್ಕಿಯ ಕೂಡ ಕಟ್ಟಿದ್ದು ಅವಳಿಗೆ ಮರೆತೇ ಹೋಗಿತ್ತು.

ಮಗ ಅಷ್ಟು ಹೊತ್ತಿಗೆ ಜೋಳ ಸೀಳಿಕೊಂಡು ಓಡಿ ಬಂದ. ಒಂದು ತೆನೆ ಮುರಿದರೆ ಮನೆಮಂದಿಗೆಲ್ಲ ಬೈಯುವವನು, ಎಷ್ಟು ದಂಟು ತುಳಿದನೋ ಲೆಕ್ಕವಿಲ್ಲ. ಫೋನು ಕಸಿದುಕೊಂಡು, ಮಗಳ ದನಿ ಕೇಳಿ, ಒಂದೂ ಮಾತಾಡದೆ ವಾಪಸು ಕೊಟ್ಟು, ಬನ್ನಿ ಗಿಡಕ್ಕೆ ಹಣೆ ಹಚ್ಚಿ ನಿಂತ.

ಹೊಲದ ಆ ತುದಿಯಿಂದ ನನ್ನ ಮನೆಯವರ ಕೂಗು ಬಂತು. ಅವರು ನಿಂತಿರಲಿಲ್ಲ. ಹಿಂದೆ ಓಗೊಡುವವನಿಲ್ಲದೆ, ಸುದ್ದಿ ಏನೆಂದು ತಿಳಿಯದೆ ಒಬ್ಬರೇ ಚೆಲ್ಲುತ್ತ ಹೊರಟಿದ್ದರು. ಮಗ, ಮಗಳು, ಸೊಸೆ, ನಾನು, ನಾಲ್ವರೂ ಇದ್ದಲ್ಲಿಂದಲೇ ಸಲಾಂಬ್ರಿಗೋ ಎಂದೆವು. ಪಕ್ಕದ ಹೊಲದವರು ಉಣ್ಣುವುದು ಬಿಟ್ಟು ಎದ್ದು ನೋಡಿದರು. ನನ್ನ ಮನೆಯವರ ಮುಂದಿನ ಕೂಗು ಬರಲು ತುಸು ತಡವಾಯಿತು. ಬಂದಾಗ ಅದು ಬೇರೆಯೇ ದನಿಯಾಗಿತ್ತು.

ಹೊಲ ಸುತ್ತಿ ಬಂದವರು ಖಾಲಿ ಬುಟ್ಟಿ ಕೆಳಗಿಟ್ಟು, "ಏನಂತ ಅಕಿ?" ಎಂದರು.

"ಚೆಲ್ಲಿದ್ರೇನು ಅಂತ ಕೇಳತಾಳ" ಎಂದೆ.

"ಚೆಲ್ಲೇವಿ ಅಂತ ಹೇಳು" ಎಂದು ಟವೆಲಿನಿಂದ ಮುಖ ಒರೆಸಿಕೊಂಡವರು, ಬಹಳ ಹೊತ್ತು ಅದನ್ನು ಮುಖದಿಂದ ತೆಗೆಯಲಿಲ್ಲ.

ಹೊಲದಲ್ಲಿ ಉಣ್ಣಬೇಕಾಗಿದ್ದ ಊಟ ಉಣ್ಣಲಿಲ್ಲ. ಬುತ್ತಿ ಬಿಚ್ಚಿದಾಗ ಸೊಸೆ ತಡೆದಳು. ಕೆಳಗೆ ಇಳಿಸಿದ ಆ ಹೆಣ್ಣುಮಗಳು ಹೇಗಿದ್ದಾಳೆಂದು ಮೊಮ್ಮಗಳಿಗೇ ಇನ್ನೂ ಸುದ್ದಿ ಇರಲಿಲ್ಲ. ಸಂಜೆಯೊಳಗೆ ಅವಳನ್ನು ಇಳಿಸಿದ ಬಿಡಾರಕ್ಕೇ ಇಳಿದು, ನೋಡಿ ಹೇಳುತ್ತೇನೆ ಎಂದಿದ್ದಳು. ನಮ್ಮನಿ ಅಕ್ಕಿ ಅಕಿ ಉಡ್ಯಾಗ ಐತ್ರಿ ಅತ್ತಿ, ಅಕಿ ಸುದ್ದಿ ಬರಲಿ ಎಂದಳು ಸೊಸೆ. ಅರ್ಧ ದಿನ ತನ್ನ ಮಗಳಿಗಾಗಿ ಸತ್ತು ಬದುಕಿದವಳ ಮಾತು ಅದು. ನೈವೇದ್ಯದ ಚೂರು ಬಾಯಿಗೆ ಹಾಕಿಕೊಂಡು, ನೆರೆಹೊಲದವರಿಗೆ ಹೋಳಿಗೆ ಹಂಚಿ ಮನೆಗೆ ಬಂದೆವು.

ಮಧ್ಯಾಹ್ನವೆಲ್ಲ ಆ ಮುಖ ಕಾಣದ ಹೆಣ್ಣಿಗಾಗಿ ಕಾದೆವು. ಚುಕ್ಕೆಯನ್ನು ನೋಡುತ್ತ, ಈಗ ಅಲ್ಲಿರುವವಳು ನಮ್ಮ ಹುಡುಗಿಯಲ್ಲ ಎಂದು ಗೊತ್ತಿದ್ದೂ ಅದು ಅಲುಗಾಡಲಿ ಎಂದು ಬೇಡಿಕೊಂಡೆವು. ಸಂಜೆಗೆ ಅಳಿಯ ಮಕ್ಕಳನ್ನು ಕರೆದುಕೊಂಡು ಕಿತ್ತೂರಿನಿಂದ ಬಂದ. ದೀಪ ಹಚ್ಚಿದ ಮೇಲೆ ಫೋನು ಬಂತು. ಈ ಸಲ ಮುಖವೂ ಕಂಡಿತು. ಮೊಮ್ಮಗಳ ತುಟಿ ಒಡೆದಿತ್ತು, ಮೂಗಿನ ತುದಿ ಸುಟ್ಟ ಬದನೆಕಾಯಿಯಾಗಿತ್ತು. ಅವಳ ಪಕ್ಕ ಕಂಬಳಿ ಹೊದ್ದು ಒಬ್ಬ ಹೆಣ್ಣುಮಗಳು ಕೂತಿದ್ದಳು, ಸೋತ ಮುಖ, ಆದರೆ ನಗುಮುಖ. ಕೆಳಗಿಳಿದ ಕೂಡಲೇ ತಲೆನೋವು ಇಳಿಯಿತಂತೆ. ಯಂತ್ರವನ್ನು ತಿರುಗಿ ಕೊಟ್ಟಳಂತೆ. ಖಣ ಮಾತ್ರ ತಲೆಗೆ ಕಟ್ಟಿಕೊಂಡಿದ್ದಳು, ಕೆಂಪು ಅಂಚು ಹಣೆಯ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಅಕ್ಕಿಯನ್ನು ಅವಳೇ ತೊಳೆದು ಒಲೆಯ ಮೇಲಿಟ್ಟಿದ್ದಾಳೆ, ಇಬ್ಬರೂ ಈಗ ಉಣ್ಣುತ್ತೇವೆ ಎಂದಳು ಮೊಮ್ಮಗಳು. ನಾನು ಆ ಹೆಣ್ಣಿಗೆ ಕೈ ಮುಗಿದೆ. ಅವಳೂ ಹಾಗೇ ಮಾಡಿದಳು. ಹಿಂದೆ ನಿಂತ ನನ್ನ ಮಗಳು, ಮಂಗ್ಯಾಗ ಮೂಗು ಕೆಂಪಾಗೇತಿ, ಇನ್ನ ಗಂಡು ಸಿಕ್ಕಂಗ ಎಂದಳು. ಬೆಳಿಗ್ಗೆಯಿಂದ ಮೊದಲ ಬಾರಿಗೆ ಸೊಸೆ ನಕ್ಕಳು. ಅಷ್ಟರಲ್ಲಿ ಮಾತು ತುಂಡಾಯಿತು.

ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ತಣ್ಣಗಾದ ಕಡುಬು, ಮೊಸರು. ನನ್ನ ಮನೆಯವರು ಎಂದೂ ಇಲ್ಲದ್ದು, ಸೊಸೆಯನ್ನು ಬಡಿಸಲು ಬಿಡದೆ ಪಂಕ್ತಿಯಲ್ಲಿ ಕೂರಿಸಿ ತಾವೇ ತುಪ್ಪದ ಗಿಂಡಿ ಹಿಡಿದು ಬಗ್ಗಿದರು. ಮಗ ಮೊದಲ ತುತ್ತನ್ನು ಬಾಯಿಯ ಹತ್ತಿರ ತಂದು ತಡೆದು, ಅಲ್ಲಿ ಅನ್ನ ಆಗಿರತೈತೇನವ್ವಾ ಎಂದ. ಆಗಿರುತ್ತದೆ, ಉಣ್ಣು ಎಂದೆ. ಎಲ್ಲರೂ ರೊಟ್ಟಿ ಮುರಿದೆವು.